ಅಮ್ಮನ ಅರ್ಧ ಪ್ರದಕ್ಷಿಣೆ

ಇದು ನಡೆದದ್ದು 1992ರ ಆಗಸ್ಟ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಆಗಸ್ಟ್ ಎಂದರೆ ಕೊರೆಯುವ ಚಳಿ. ಆದರೆ ಆ ವರ್ಷ ನಮ್ಮನ್ನು ಚಳಿಗಿಂತ ಹೆಚ್ಚಾಗಿ ನಡುಗಿಸಿದ್ದು ಕೆಲಸದ ಚಿಂತೆ. ನನ್ನ ಗಂಡ ಮೋಹನ್ ಸಿಡ್ನಿಯಲ್ಲಿ ಇಂಜಿನಿಯರ್ ಆಗಿದ್ದ ಕಂಪನಿ ಬಾಗಿಲು ಹಾಕಿಕೊಂಡು ಐದಾರು ತಿಂಗಳಾಗಿತ್ತು. ನಾವಿದ್ದದ್ದು ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಒಂದು ಪುಟ್ಟ ಬಾಡಿಗೆ ಫ್ಲಾಟ್‌ನಲ್ಲಿ. ಮೈಸೂರಿನಲ್ಲಿ ಬಿ.ಫಾರ್ಮ ಮಾಡಿ ಬಂದಿದ್ದ ನಾನು ಇಲ್ಲಿನ ಪರೀಕ್ಷೆ ಇನ್ನೂ ಪಾಸು ಮಾಡಿರಲಿಲ್ಲ. ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಮ್ಮಿನ ಸಿರಪ್ಪು, ಬ್ಯಾಂಡೇಜು ಮಾರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಅಮ್ಮ ನಮ್ಮ ಮನೆಗೆ ಬಂದಿದ್ದಳು. ಮೋಹನ್ ಕೆಲಸದಲ್ಲಿದ್ದಾಗ ತೆಗೆಸಿದ ಟಿಕೆಟ್ಟು, ವಾಪಸು ಮಾಡುವ ಹಾಗಿರಲಿಲ್ಲ. ಅಪ್ಪ "ಆ ಚಳಿಗೆ ನಾನು ಬರೋಲ್ಲ" ಎಂದು ಮೈಸೂರಿನಲ್ಲೇ ಉಳಿದಿದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದಳು, ಉಳಿದಂತೆ ಡಾಕ್ಟರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು. ಅಳಿಯನ ಕೆಲಸ ಹೋಗಿದೆ ಎಂದು ತಿಳಿದ ದಿನದಿಂದ ಅವಳ ಪೂಜೆ, ವ್ರತಗಳು ಎರಡರಷ್ಟಾಗಿದ್ದವು. "ಹೊಟ್ಟೆ ಖಾಲಿ ಬಿಟ್ಟು ಮಾತ್ರೆ ನುಂಗಿದ್ರೆ ಪ್ರಾಣಕ್ಕೇ ಕುತ್ತು, ಗೊತ್ತಾ?" ಎಂದು ನಾನು ಕೌಂಟರಿನ ಗತ್ತಿನಲ್ಲೇ ಗದರಿದ ಮೇಲೆ ಉಪವಾಸ ಮಾತ್ರ ಬಿಟ್ಟಿದ್ದಳು. ಬಿಟ್ಟಿದ್ದಾಳೆ ಎಂದು ನಾನು ನಂಬಿದ್ದೆ.

ಆ ತಿಂಗಳ ಒಂದು ಶುಕ್ರವಾರ ಮೋಹನ್‌ಗೆ ಮೆಲ್ಬರ್ನ್‌ನಲ್ಲಿ ಇಂಟರ್‌ವ್ಯೂ ಇತ್ತು. ನನಗೂ ಜೊತೆಗೆ ಹೋಗಬೇಕೆನ್ನಿಸಿತು, ಅಮ್ಮನನ್ನು ಒಬ್ಬಳೇ ಬಿಟ್ಟು ಹೋಗುವುದು ಹೇಗೆ? ಹಿಂದಿನ ದಿನವೇ ಮೂವರೂ ಬಸ್ಸು ಹತ್ತಿ ಹೋಗಿ, ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿದ್ದ ನನ್ನ ಗೆಳತಿ ಸುಮತಿಯ ಮನೆಯಲ್ಲಿ ಇಳಿದುಕೊಂಡೆವು. ಸುಮತಿ ಉಡುಪಿಯವಳು, ಮನೆಯಲ್ಲಿ ತುಳು, ನಮ್ಮೊಂದಿಗೆ ಅವಳದೇ ಕನ್ನಡ. ಬೆಳಿಗ್ಗೆ ಎಲ್ಲರಿಗೂ ನೀರುದೋಸೆ ಹುಯ್ದಳು. ನಾನು ಮೋಹನ್‌ರ ಶರಟಿಗೆ ಇಸ್ತ್ರಿ ಹಾಕುವ ಗಡಿಬಿಡಿಯಲ್ಲಿದ್ದೆ. ಅಮ್ಮ ಅಡುಗೆಮನೆಯಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದು, ನನ್ನೆದುರೇ ಮಾತ್ರೆ ನುಂಗಿ ನೀರು ಕುಡಿದಳು.

ಮೂವರೂ ರೈಲಿನಲ್ಲಿ ಸಿಟಿಗೆ ಬಂದೆವು. ಇಂಟರ್‌ವ್ಯೂ ಮುಗಿಸಿ ಬರುವ ತನಕ ನಾನೂ ಅಮ್ಮನೂ ಅಲ್ಲಿ ಇಲ್ಲಿ ತಿರುಗುತ್ತಿರುವುದು ಎಂದು ಮಾತಾಗಿತ್ತು. ಟ್ರಾಮ್ ಕಿಟಕಿಯಿಂದ ಆಚೆ ನೋಡುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದೆಳೆದಳು.

"ರತ್ನಾ, ನೋಡೇ! ನಮ್ಮ ಮೈಸೂರಿನ ಚರ್ಚು!"

ಎತ್ತರದ ಚೂಪು ಗೋಪುರಗಳ ಹಳೆಯ ಕೆಥೆಡ್ರಲ್ ಅದು. ಅದರ ಹೆಸರು ಬರೆಯುವುದಿಲ್ಲ, ಪಾಪ, ಅವರಿಗೂ ಆ ದಿನ ಸಾಕಷ್ಟು ಮುಜುಗರವಾಗಿತ್ತು. ಅಮ್ಮ ಹುಟ್ಟಿ ಬೆಳೆದದ್ದು ಮೈಸೂರಿನ ಅಶೋಕ ರಸ್ತೆಯ ಬದಿಯಲ್ಲಿ. ಅಲ್ಲಿನ ದೊಡ್ಡ ಚರ್ಚು ಅವಳಿಗೆ ಹೊರಗಿನವರ ಜಾಗವೇ ಅಲ್ಲ. ಪರೀಕ್ಷೆಯ ಕಾಲದಲ್ಲಿ ನಮ್ಮ ಹೆಸರಿನಲ್ಲಿ ಅಲ್ಲೂ ಒಂದು ಮೇಣದಬತ್ತಿ ಹಚ್ಚಿ ಬರುತ್ತಿದ್ದವಳು. "ಚಾಮುಂಡಿ ಬೆಟ್ಟ ದೂರ ಆಯ್ತು, ಈ ತಾಯಿ ಹತ್ರ ಇದಾಳಲ್ಲ" ಎನ್ನುತ್ತಿದ್ದಳು. ಮುಂದಿನ ಸ್ಟಾಪಿನಲ್ಲಿ ನಾವಿಬ್ಬರೂ ಇಳಿದೇ ಬಿಟ್ಟೆವು. ಅದೇ ಟ್ರಾಮಿನಲ್ಲಿ ಮುಂದೆ ಹೋಗುತ್ತಿದ್ದ ಮೋಹನ್, ಇಂಟರ್‌ವ್ಯೂ ಮುಗಿಸಿ ಇಲ್ಲಿಗೇ ಬರುತ್ತೇನೆ ಎಂದರು.

ಬಾಗಿಲ ಬಳಿ ಅಮ್ಮ ಚಪ್ಪಲಿ ಬಿಟ್ಟಳು. "ಇಲ್ಲಿ ಯಾರೂ ಬಿಡೋಲ್ಲಮ್ಮ, ನೆಲ ಐಸ್ ಥರ ಇರತ್ತೆ" ಎಂದೆ. ಕೇಳುವವರು ಯಾರು? ಸಾಕ್ಸನ್ನೂ ಬಿಚ್ಚಿ, ಮೈಮೇಲಿದ್ದ ಮೋಹನ್‌ರ ನೀಲಿ ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು, ಬರಿಗಾಲಲ್ಲಿ ಒಳಗೆ ಹೋದಳು.

ಒಳಗೆ ಕೆನ್ ಎಂಬ ಮುದುಕರು ಸಿಕ್ಕರು. ರಿಟೈರಾದ ಮೇಷ್ಟ್ರು. ಬಂದವರಿಗೆ ಸುಮ್ಮನೆ ಸೇವೆಯೆಂದು ಕಟ್ಟಡ ತೋರಿಸುತ್ತಿದ್ದರು. ನಾನು ಮೈಸೂರಿನ ಚರ್ಚಿನ ಮಾತು ತೆಗೆದದ್ದೇ ತಡ, ಅವರಿಗೆ ಹಬ್ಬವಾಯಿತು. ಚಿನ್ನದ ಗಣಿಗಳ ಕಾಲದಲ್ಲಿ ಕಟ್ಟಲು ಶುರು ಮಾಡಿದ್ದು, ನಡುವೆ ದುಡ್ಡಿಲ್ಲದೆ ಕೆಲಸ ನಿಂತದ್ದು, ಗೋಪುರಗಳಿಲ್ಲದೆ ಎಷ್ಟೋ ವರ್ಷ ಬೋಳಾಗಿ ನಿಂತಿದ್ದು, ಮೊದಲು ಪಾಯ ಹಾಕಿದವರು ಯಾರೂ ಪೂರ್ತಿಯಾದ ಚರ್ಚನ್ನು ಕಣ್ಣಲ್ಲಿ ನೋಡದೆ ಹೋದದ್ದು, ಎಲ್ಲವನ್ನೂ ಹೇಳಿದರು. ಮೇಲಿನ ಕಮಾನುಗಳು ಅರ್ಧಚಂದ್ರದಂತೆ ಗುಂಡಗಿರದೆ ತುದಿಯಲ್ಲಿ ಯಾಕೆ ಚೂಪಾಗಿವೆ ಎಂದು ಎರಡು ಕೈ ಜೋಡಿಸಿ ತೋರಿಸಿದರು. ಚೂಪಾದರೆ ಭಾರ ಪಕ್ಕಕ್ಕೆ ಅಷ್ಟಾಗಿ ತಳ್ಳದೆ ಕೆಳಕ್ಕೆ ಇಳಿಯುತ್ತದಂತೆ, ಅದಕ್ಕೇ ಗೋಡೆಯನ್ನು ಅಷ್ಟು ತೆಳ್ಳಗೆ, ಅಷ್ಟು ಎತ್ತರಕ್ಕೆ ಎಬ್ಬಿಸಿ, ಅಷ್ಟು ದೊಡ್ಡ ಬಣ್ಣದ ಕಿಟಕಿ ಇಡಬಹುದಂತೆ. ಹೊರಗಿನಿಂದ ಆನಿಕೆ ಕೊಟ್ಟ ಕಲ್ಲಿನ ತೋಳುಗಳು ಉಳಿದ ಭಾರ ಹೊರುತ್ತವಂತೆ. ಕಟ್ಟಡದ ತಳ ಶಿಲುಬೆಯ ಆಕಾರ, ಉದ್ದನೆಯ ನಡುಮನೆ, ಎರಡು ಕಡೆ ಎರಡು ತೋಳು, ತಲೆಯ ಕಡೆ ದೇವರ ಪೀಠ. ಯೂರೋಪಿನ ಹಳೆಯ ಕೆಥೆಡ್ರಲ್‌ಗಳಿಗೆ ಯಾತ್ರಿಕರು ಹಿಂಡು ಹಿಂಡಾಗಿ ಬರುತ್ತಿದ್ದರಿಂದ ಪೂಜೆಗೆ ಅಡ್ಡಿಯಾಗದಂತೆ ಅವರು ಓಡಾಡಲು ಬೇರೆ ದಾರಿ ಮಾಡುತ್ತಿದ್ದರಂತೆ. ನಾನು ಅರ್ಧ ಕೇಳಿದೆ, ಅರ್ಧ ಮೇಲೆ ನೋಡುತ್ತಾ ನಿಂತೆ. ಕಲ್ಲಿನ ಪಕ್ಕೆಲುಬುಗಳು ಕಂಬದಿಂದ ಹೊರಟು ಛತ್ರಿಯ ಕಡ್ಡಿಗಳಂತೆ ಹರಡಿಕೊಂಡಿದ್ದವು.

ಅಮ್ಮನಿಗೆ ಇಂಗ್ಲಿಷ್ ಬಾರದು. ಸ್ವಲ್ಪ ಹೊತ್ತು ಮೇಷ್ಟ್ರ ಬಾಯನ್ನೇ ನೋಡಿ, "ಅವ್ರು ಹೇಳ್ತಾ ಇರ್ಲಿ ಕಣೆ. ನಾನೊಂದು ಸುತ್ತು ಹಾಕ್ಕೊಂಡು ಬರ್ತೀನಿ" ಎಂದಳು.

"ದೂರ ಹೋಗ್ಬೇಡ."

"ದೇವರ ಮನೇಲಿ ದೂರ ಎಲ್ಲಿಂದ ಬಂತೇ?"

ಅಷ್ಟರಲ್ಲಿ ಆರ್ಗನ್ ಶುರುವಾಯಿತು. ಮಧ್ಯಾಹ್ನ ಒಂದು ಫ್ಯೂನರಲ್, ಸತ್ತವರ ಕೊನೆಯ ಪ್ರಾರ್ಥನೆ, ಇದೆ, ಅದಕ್ಕೆ ಅಭ್ಯಾಸ ಮಾಡುತ್ತಿದ್ದಾರೆ ಎಂದರು ಕೆನ್. ಆ ವಾದ್ಯದ ಮಂದ್ರ ಸ್ವರಕ್ಕೆ ಕಾಲಡಿಯ ಕಲ್ಲು ಸಣ್ಣಗೆ ನಡುಗುತ್ತಿತ್ತು. ಇಬ್ಬರೂ ಒಂದು ಬೆಂಚಿನಲ್ಲಿ ಕೂತು ಕೇಳಿದೆವು. ಅದು ಮುಗಿದು ಇನ್ನೊಂದು ಶುರುವಾದಾಗ ತಿರುಗಿ ನೋಡುತ್ತೇನೆ, ಅಮ್ಮ ಎಲ್ಲೂ ಇಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ಈ ಹೆಂಗಸು ಹುಟ್ಟಿದಾರಭ್ಯ ಹೀಗೇ, ದೇವರಾಜ ಮಾರುಕಟ್ಟೆಯಲ್ಲೂ ಹೂವಿನ ಅಂಗಡಿ ಕಂಡರೆ ನಮ್ಮ ಕೈ ಬಿಟ್ಟು ಹೋಗುತ್ತಿದ್ದವಳು, ಎಂದು ಗೊಣಗಿಕೊಂಡು ಹುಡುಕಲು ಹೊರಟೆ. ಬೆಂಚುಗಳ ಸಾಲು ನೋಡಿದೆ. ಎರಡು ತೋಳುಗಳಲ್ಲಿ ನೋಡಿದೆ. ತಪ್ಪೊಪ್ಪಿಗೆಯ ಮರದ ಗೂಡುಗಳ ಪರದೆ ಸರಿಸಿ ನೋಡಿದೆ. ಕೆನ್ ಕೂಡ ಬಂದರು. ಪೀಠದ ಎಡಕ್ಕೂ ಬಲಕ್ಕೂ ಕಬ್ಬಿಣದ ಜಾಲರಿಯ ಗೇಟುಗಳಿದ್ದವು. ಎಡಗಡೆಯದನ್ನು ನಾನು, ಬಲಗಡೆಯದನ್ನು ಅವರು ನೋಡಿದೆವು. ಎರಡಕ್ಕೂ ಸರಪಳಿ ಸುತ್ತಿ ಬೀಗ ಹಾಕಿತ್ತು. ಹಿಂದೆ ಅಟ್ಟಣಿಗೆಯ ಪೈಪುಗಳು, ಹಲಗೆಗಳು, ಕತ್ತಲು.

"ಹಿಂದೆ ಕಲ್ಲಿನ ರಿಪೇರಿ ನಡೀತಾ ಇದೆ. ಅಲ್ಲಿಗೆ ಹೋಗೋಕೆ ಆಗಲ್ಲ" ಎಂದರು ಕೆನ್. ಬೀಗವೇ ಕಣ್ಣೆದುರಿಗಿತ್ತಲ್ಲ, ನಾನೂ ಒಪ್ಪಿದೆ. ಆದರೂ ಒಮ್ಮೆ "ಅಮ್ಮಾ" ಎಂದು ಕರೆದೆ. ಆರ್ಗನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಬಾಗಿಲಿಗೆ ಓಡಿ ಬಂದೆ. ಅಮ್ಮ ಬಿಟ್ಟ ಜಾಗದಲ್ಲಿ ಚಪ್ಪಲಿ ಇರಲಿಲ್ಲ.

ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದಾಳೆ! ಅಷ್ಟೇ ಅಲ್ಲವೇ ಅರ್ಥ? ನಾನು ಹೊರಗೆ ಓಡಿದೆ. ಪಕ್ಕದ ತೋಟದಲ್ಲಿ, ಟ್ರಾಮ್ ಸ್ಟಾಪಿನಲ್ಲಿ, ರಸ್ತೆಯಾಚೆಯ ಅಂಗಡಿಗಳಲ್ಲಿ ಹುಡುಕಿದೆ. ಕಂಡಕಂಡವರನ್ನು ನಿಲ್ಲಿಸಿ, "ಹಸಿರು ಸೀರೆ, ನೀಲಿ ಜಾಕೆಟ್ಟು, ಹಣೆಯಲ್ಲಿ ಕುಂಕುಮ" ಎಂದು ಕೇಳಿದೆ. ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿ ಮುಂದೆ ಹೋದರು. ಸೀರೆಯುಟ್ಟ ಒಬ್ಬಳೇ ಒಬ್ಬಳು ಹೆಂಗಸು ಇಷ್ಟು ಜನರ ಕಣ್ಣಿಗೆ ಬೀಳದೆ ಹೋಗುವುದು ಹೇಗೆ?

ಒಂದು ವೇಳೆ ಬಂದ ದಾರಿ ನೆನಪಿಟ್ಟುಕೊಂಡು ರೈಲು ಹತ್ತಿಬಿಟ್ಟಳೋ ಎಂದು ಫೋನ್ ಬೂತಿಗೆ ಹೋಗಿ ಸುಮತಿಗೆ ಫೋನ್ ಮಾಡಿದೆ. ಅಮ್ಮ ಕಾಣಿಸುತ್ತಿಲ್ಲ ಎಂದ ತಕ್ಷಣ ಅವಳು, "ರತ್ನಾ, ನಿನಗೊಂದು ಹೇಳ್ಬೇಕಿತ್ತು" ಎಂದಳು.

"ಏನೇ?"

"ಅಮ್ಮ ಬೆಳಿಗ್ಗೆ ಎಂತದೂ ತಿನ್ಲಿಲ್ಲ ಮಾರಾಯ್ತಿ. ಅಳಿಯನ ಕೆಲಸಕ್ಕೆ ಹರಕೆಯಂತೆ, ಸಂಜೆ ದೀಪ ಹಚ್ಚುವ ತನಕ ಉಪವಾಸವಂತೆ. ನಿನಗೆ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸಿದ್ರು. ನಾನು ಒಂದು ಲೋಟ ಹಾಲಾದ್ರೂ ಕುಡೀರಿ ಅಂದೆ, ಕೇಳ್ಲಿಲ್ಲ. ಅವರಿಗೆ ಶುಗರ್ ಉಂಟಂತ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಮಾರಾಯ್ತಿ!"

ಬೇರೆ ಯಾರಾದರೂ ಆಗಿದ್ದರೆ, ಉಪವಾಸ ತಾನೆ, ಎಂದುಕೊಳ್ಳುತ್ತಿದ್ದರೇನೋ. ನನಗೆ ಗೊತ್ತಿತ್ತು. ಆ ಮಾತ್ರೆ ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ನೋಡುವುದಿಲ್ಲ, ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಮೊದಲು ಬೆವರು, ನಡುಕ. ಆಮೇಲೆ ಮಾತು ತೊದಲುತ್ತದೆ, ಬುದ್ಧಿ ಮಸುಕಾಗುತ್ತದೆ. ಆಮೇಲೆ ಎಚ್ಚರ ತಪ್ಪುತ್ತದೆ. ಹೊತ್ತಿಗೆ ಸರಿಯಾಗಿ ಸಕ್ಕರೆ ಬೀಳದಿದ್ದರೆ ಮತ್ತೆ ಏಳುವುದೇ ಇಲ್ಲ. ಅಮ್ಮ ಮಾತ್ರೆ ನುಂಗಿ ಐದು ಗಂಟೆಯಾಗುತ್ತಾ ಬಂದಿತ್ತು. ಭಾಷೆ ಬಾರದ ಊರಿನಲ್ಲಿ, ಎಲ್ಲೋ ಒಂದು ಮೂಲೆಯಲ್ಲಿ ಕುಸಿದರೆ, ನೋಡಿದವರು ಮುದುಕಿ ತೂಕಡಿಸುತ್ತಿದ್ದಾಳೆ ಎಂದುಕೊಂಡು ಹೋಗುತ್ತಾರೆ.

ಪೊಲೀಸರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿಯೂ ಒಬ್ಬ ಮಧ್ಯವಯಸ್ಕನೂ ಕಾರಿನಲ್ಲಿ ಬಂದರು. ಕಾಯಿಲೆಯ ವಿಷಯ ಹೇಳಿದ ಮೇಲೆ ಅವರ ಮುಖವೂ ಗಂಭೀರವಾಯಿತು. ಸುತ್ತಲ ಬೀದಿಗಳಲ್ಲಿ ನೋಡುತ್ತೇವೆ, ನೀವು ಇಲ್ಲೇ ಇರಿ ಎಂದು ಹೊರಟರು. ಅವರು ಹೋದ ಸ್ವಲ್ಪ ಹೊತ್ತಿಗೆ ಟೈ ಕಟ್ಟಿದ ಮೋಹನ್ ನಗುತ್ತಾ ರಸ್ತೆ ದಾಟಿ ಬಂದರು. ನನ್ನ ಮುಖ ನೋಡಿ ಅವರ ನಗು ಅಲ್ಲೇ ನಿಂತಿತು.

"ರೀ, ಅಮ್ಮ ಕಳೆದುಹೋಗಿದಾಳೆ ಕಣ್ರೀ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅವರು ಫೈಲನ್ನು ನನ್ನ ಕೈಗೆ ತುರುಕಿ ಸ್ಟೇಷನ್ ಕಡೆಗೆ ಓಡಿದರು.

ಅಷ್ಟು ಹೊತ್ತಿಗೆ ಕಪ್ಪು ಕಾರುಗಳು ಬಂದು ನಿಂತವು. ಶವಪೆಟ್ಟಿಗೆಯನ್ನು ಇಳಿಸಿ ಒಳಗೆ ಒಯ್ದರು. ಹಿಂದೆ ಕಪ್ಪು ಬಟ್ಟೆಯ ಜನ. ಬಾಗಿಲು ಮುಚ್ಚಿಕೊಂಡಿತು. ನಾನು ಮೆಟ್ಟಿಲ ಮೇಲೆ ನಿಂತು ಎಡಕ್ಕೂ ಬಲಕ್ಕೂ ನೋಡುತ್ತಿದ್ದೆ. ಅಪ್ಪನಿಗೆ ಏನೆಂದು ಹೇಳಲಿ ಎಂಬುದೊಂದೇ ಪ್ರಶ್ನೆ ತಲೆಯಲ್ಲಿ. ಮಳೆ ಹನಿಯತೊಡಗಿತು.

ಕೆನ್ ನನ್ನನ್ನು ಬಿಟ್ಟು ಹೋಗಿರಲಿಲ್ಲ. "ನೆನೀಬೇಡಮ್ಮ, ಮರೆತು ಹೋದವರ ಛತ್ರಿ ಬೇಕಾದಷ್ಟಿವೆ" ಎಂದು ಬಾಗಿಲ ಪಕ್ಕದ ಮೂಲೆಯಲ್ಲಿದ್ದ ಛತ್ರಿಯ ಡಬ್ಬಿಯಿಂದ ಒಂದನ್ನು ಎಳೆದರು. ಅದು ಯಾವುದಕ್ಕೋ ಸಿಕ್ಕಿಕೊಂಡಿತ್ತು. ಜಗ್ಗಿದರು. ಛತ್ರಿಯ ಜೊತೆಗೆ ಒಂದು ಕಂದು ಬಣ್ಣದ ಚಪ್ಪಲಿ ಹೊರಗೆ ಬಂದು ನೆಲಕ್ಕೆ ಬಿತ್ತು.

ಅಮ್ಮನ ಚಪ್ಪಲಿ! ಉಂಗುಟದ ಹತ್ತಿರ ಅಪ್ಪ ಹೊಲಿಸಿಕೊಟ್ಟ ದಾರ ಸಮೇತ. ಇನ್ನೊಂದು ಡಬ್ಬಿಯ ತಳದಲ್ಲಿತ್ತು. ಫ್ಯೂನರಲ್‌ಗೆ ಜನ ಬರುವ ಮೊದಲು ಗುಡಿಸಿದವರು ಯಾರೋ, ಬಾಗಿಲಲ್ಲಿ ಇದೇನು ಎಂದು ಎತ್ತಿ ಅಲ್ಲಿ ಹಾಕಿದ್ದರು. ಇಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವವರು ಇರುತ್ತಾರೆಂದು ಅವರಿಗಾದರೂ ಹೇಗೆ ತಿಳಿಯಬೇಕು?

"ಕೆನ್, ಅಮ್ಮ ಹೊರಗೆ ಹೋಗೇ ಇಲ್ಲ" ಎಂದೆ. "ಬರಿಗಾಲಲ್ಲಿ ಬೀದಿಗೆ ಇಳಿಯೋಳಲ್ಲ ಅವಳು. ಒಳಗೇ ಇದಾಳೆ."

"ಒಳಗೆ ಎಲ್ಲಾ ನೋಡಿದ್ವಲ್ಲ?"

ಎಲ್ಲ ಅಲ್ಲ. ಕೈಯಲ್ಲಿ ಚಪ್ಪಲಿ ಹಿಡಿದು ನಿಂತಾಗ ನನಗೆ ಮೈಸೂರಿನ ಚರ್ಚು ಕಣ್ಣಿಗೆ ಕಟ್ಟಿತು. ನಾನು ಚಿಕ್ಕವಳು. ಅಮ್ಮನ ಸೆರಗು ಹಿಡಿದುಕೊಂಡು ಪೀಠದ ಒಂದು ಪಕ್ಕದಿಂದ ನೆಲಮಾಳಿಗೆಗೆ ಇಳಿಯುತ್ತೇನೆ. ಇಕ್ಕಟ್ಟಿನ ದಾರಿ, ಗಾಜಿನ ಹಿಂದೆ ಮಲಗಿದ ಪುಣ್ಯವತಿಯ ಮೂರ್ತಿ, ಕೈಮುಗಿದು ಮುಂದೆ ನಡೆದರೆ ಇನ್ನೊಂದು ಪಕ್ಕದಿಂದ ಮೇಲೆ ಬರುತ್ತೇವೆ. ಅಮ್ಮನಿಗೆ ಚರ್ಚು ಎಂದರೆ ಅದು. ಒಂದು ಕಡೆ ಹೋಗಿ ದೇವರನ್ನು ಸುತ್ತಿ ಇನ್ನೊಂದು ಕಡೆ ಬರುವುದು. "ಒಂದು ಸುತ್ತು ಹಾಕ್ಕೊಂಡು ಬರ್ತೀನಿ" ಎಂದದ್ದು ಅಡ್ಡಾಡಿ ಬರುತ್ತೇನೆಂದಲ್ಲ. ಹರಕೆಯ ಪ್ರದಕ್ಷಿಣೆ!

"ಪೀಠದ ಹಿಂದೆ ಸುತ್ತಿ ಬರೋ ದಾರಿ ಇದೆಯಾ?" ಎಂದು ಕೇಳಿದೆ.

ಕೆನ್ ಮುಖ ಬಿಳಿಚಿಕೊಂಡಿತು. "ಇದೆ. ನಾನು ಹೇಳಿದೆನಲ್ಲ, ಯಾತ್ರಿಕರ ದಾರಿ. ಒಳಗೆ ಪುಟ್ಟ ಪುಟ್ಟ ಗುಡಿಗಳೂ ಇವೆ. ಬೆಳಿಗ್ಗೆ ಕೆಲಸದವರು ಇದ್ದಾಗ ಗೇಟು ತೆಗೆದೇ ಇರತ್ತೆ. ಫ್ಯೂನರಲ್ ಇದೆ ಅಂತ ಅವರು ಬೀಗ ಹಾಕಿ ಬೇಗ ಹೋಗಿರಬೇಕು."

ಬಾಗಿಲು ತಳ್ಳಿಕೊಂಡು ಒಳಗೆ ಹೋದೆವು. ಬೆಂಚುಗಳು ತುಂಬಿದ್ದವು, ಆರ್ಗನ್ ಮೊಳಗುತ್ತಿತ್ತು, ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಬೀಗದ ಕೈ ಪೀಠದಾಚೆ ಪಾದ್ರಿಗಳ ಕೋಣೆಯಲ್ಲಿದೆಯಂತೆ. ಕೆನ್ ನನ್ನ ತೋಳು ಹಿಡಿದು, "ಇನ್ನು ಅರ್ಧ ಗಂಟೆ, ಮುಗಿದುಬಿಡುತ್ತೆ" ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಯಾರದೋ ಮನೆಯ ಸಾವು, ಪೆಟ್ಟಿಗೆ ಎದುರಿಗಿದೆ. ನಮ್ಮ ಕಡೆ ಹೆಣದ ಮುಂದೆ ಹೀಗೆ ನುಗ್ಗಿದರೆ ಸುಮ್ಮನೆ ಬಿಟ್ಟಾರೆಯೇ? ಆದರೆ ಅರ್ಧ ಗಂಟೆ ಅಮ್ಮನ ಬಳಿ ಇರಲಿಲ್ಲ. ಕೈ ಬಿಡಿಸಿಕೊಂಡು ಪಕ್ಕದ ಓಣಿಯಲ್ಲಿ ನಡೆದೆ, ನಡೆದವಳು ಓಡಿದೆ. ಒದ್ದೆ ಕೂದಲು, ಒಂದು ಕೈಯಲ್ಲಿ ಗಂಡನ ಫೈಲು, ಇನ್ನೊಂದರಲ್ಲಿ ಚಪ್ಪಲಿ. ತಲೆಗಳು ಒಂದೊಂದಾಗಿ ತಿರುಗಿದವು.

ಕೆನ್ ಹಿಂದೆಯೇ ಬಂದು ಎಡಗಡೆಯ ಗೇಟಿನ ಕಡೆ ಕೈ ಮಾಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಪ್ರದಕ್ಷಿಣೆ ಎಂದರೆ ದೇವರು ಬಲಗೈ ಕಡೆ ಇರಬೇಕು. ಅಮ್ಮ ಎಡದಿಂದ ಹೋಗಿ ಹಿಂದೆ ಸುತ್ತಿ ಬಲದಿಂದಲೇ ಹೊರಬರುವವಳು. ಜೀವ ಹೋದರೂ ಅಪ್ರದಕ್ಷಿಣೆಯಾಗಿ ವಾಪಸು ನಡೆಯುವವಳಲ್ಲ.

ಹಾಡು ಮುಗಿಯಿತು. ಆರ್ಗನ್ ನಿಂತಿತು. ಪಾದ್ರಿಗಳು ಮಾತಾಡಲು ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಇಡೀ ಕಟ್ಟಡ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

"ಅಮ್ಮಾ!"

ಆ ದನಿ ಮೇಲಕ್ಕೆ ಹೋಗಿ, ಕಮಾನಿನಿಂದ ಕಮಾನಿಗೆ ತಾಗಿ, ತಿರುಗಿ ನನ್ನ ಮೇಲೆಯೇ ಬಿತ್ತು. ನೂರಾರು ಜನ ನನ್ನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಯಾರೋ "ಶ್!" ಎಂದರು. ಪ್ರತಿಧ್ವನಿ ಅಡಗಿದ ಮೇಲೆ, ಪೀಠದ ಬಲಗಡೆಯಿಂದ, ಸಣ್ಣಗೆ ಸದ್ದು ಬಂತು. ಖಣ್. ಸ್ವಲ್ಪ ತಡೆದು ಮತ್ತೆ, ಖಣ್. ಕಬ್ಬಿಣಕ್ಕೆ ಬಳೆ ತಾಗುವ ಸದ್ದು.

ಮುಂದಿನದು ಎಷ್ಟು ಬೇಗ ನಡೆಯಿತೆಂದು ಈಗಲೂ ಸರಿಯಾಗಿ ಹೇಳಲಾರೆ. ಪಾದ್ರಿಗಳು ತಾವೇ ಪೀಠದಿಂದ ಇಳಿದು ಒಳಗೆ ಹೋಗಿ ಬೀಗದ ಕೈ ತಂದರು. ಶವಪೆಟ್ಟಿಗೆ ಹೊತ್ತು ತಂದಿದ್ದ ಇಬ್ಬರು ಗಟ್ಟಿ ಆಳುಗಳು ಸರಪಳಿ ಎಳೆದು ಹಾಕಿದರು. ಗೇಟಿನ ಬುಡದಲ್ಲಿ, ತಣ್ಣನೆಯ ನೆಲದ ಮೇಲೆ, ಅಮ್ಮ ಜಾಲರಿಗೆ ಒರಗಿಕೊಂಡು ಬಿದ್ದಿದ್ದಳು. ಮುಖದ ತುಂಬ ಬೆವರು, ಪಾದಗಳು ನೀಲಿಗಟ್ಟಿದ್ದವು. ಕಣ್ಣು ಅರ್ಧ ತೆರೆದಿತ್ತು, ಗುರುತು ಇರಲಿಲ್ಲ. ಕೈ ಮಾತ್ರ ಇನ್ನೂ ಕಬ್ಬಿಣಕ್ಕೆ ತಟ್ಟುತ್ತಲೇ ಇತ್ತು. ನೋಡಿದರೆ, ಹಸಿರು ಗಾಜಿನ ಬಳೆಗಳನ್ನು ಒಡೆಯದಂತೆ ಮೊಣಕೈವರೆಗೆ ಮೇಲೆ ಸರಿಸಿಕೊಂಡಿದ್ದಾಳೆ! ಚಿನ್ನದ ಬಳೆಯೊಂದರಿಂದಲೇ ಕುಟ್ಟುತ್ತಿದ್ದಾಳೆ. ಮುತ್ತೈದೆ ಬಳೆ ಒಡೆದುಕೊಂಡರೆ ಮೈಸೂರಿನಲ್ಲಿರುವ ಅಪ್ಪನಿಗೆ ಕೇಡು ಎಂಬ ಎಚ್ಚರ ಆ ಮಂಪರಿನಲ್ಲೂ ತಪ್ಪಿರಲಿಲ್ಲ. ನನಗೆ ಅಲ್ಲೇ ಅಳು ಒತ್ತರಿಸಿ ಬಂತು.

"ಸಕ್ಕರೆ! ಸಕ್ಕರೆ ಬೇಕು, ಬೇಗ!" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದರು. ಫ್ಯೂನರಲ್ ಮುಗಿಸಿ ಬರುವವರಿಗಾಗಿ ಪಕ್ಕದ ಹಜಾರದಲ್ಲಿ ಟೀ ಜೋಡಿಸಿಟ್ಟಿದ್ದರು. ಕೆನ್ ಆ ವಯಸ್ಸಿನಲ್ಲೂ ಓಡಿ ಹೋಗಿ ಒಂದು ಕಪ್ ಬೆಚ್ಚನೆ ನೀರಿಗೆ ಸಕ್ಕರೆ ಸುರಿದುಕೊಂಡು ಬಂದರು. ಅಮ್ಮನ ತಲೆ ಎತ್ತಿ ತುಟಿಗೆ ಹಿಡಿದೆ. ಅಮ್ಮ ಹಲ್ಲು ಕಚ್ಚಿದಳು.

"ಕುಡಿಯಮ್ಮಾ."

"ಊಹ್ಞೂಂ... ದೀಪ ಹಚ್ಚಿಲ್ಲ..." ಎಂದು ತೊದಲಿದಳು. ಮತ್ತೆ ಬಾಯಿ ಬಿಗಿಯಾಯಿತು.

ಪ್ರಾಣ ಹೋಗುತ್ತಿದೆ, ಇವಳಿಗೆ ಉಪವಾಸ! ಬೈದೆ, ಬೇಡಿಕೊಂಡೆ. ಅಪ್ಪನ ಆಣೆ ಹಾಕಿದೆ. ತುಟಿಯ ಪಕ್ಕದಿಂದ ನೀರು ಕುತ್ತಿಗೆಗೆ ಇಳಿಯಿತೇ ಹೊರತು ಒಳಗೆ ಹೋಗಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಜಾರುತ್ತಿತ್ತು. ಬಲವಂತ ಮಾಡಿದರೆ ಶ್ವಾಸನಾಳಕ್ಕೆ ಹೋದೀತು. ಆಗ ನನಗೆ ಯಾವ ದೇವರು ಬುದ್ಧಿ ಕೊಟ್ಟನೋ ಕಾಣೆ. ಕಪ್ಪನ್ನು ಕೆಳಗಿಟ್ಟು, ಅಂಗೈಯಲ್ಲಿ ಸ್ವಲ್ಪ ನೀರು ತೆಗೆದುಕೊಂಡು, ಅವಳ ಕಿವಿಯ ಹತ್ತಿರ ಬಾಗಿ, ಚಿಕ್ಕಂದಿನಿಂದ ಕೇಳಿದ ಪೂಜಾರಪ್ಪನ ದನಿಯಲ್ಲಿ ಹೇಳಿದೆ.

"ಮಂಗಳಾರತಿ ಆಯ್ತು. ತೀರ್ಥ ತಗೊಳ್ಳಿ."

ಅಮ್ಮನ ಬಲಗೈ ಮೇಲೆ ಬಂತು. ನಡುಗುತ್ತಾ, ಬೆರಳು ಮಡಚಿ, ಅಂಗೈ ಬಟ್ಟಲಾಯಿತು. ಎಡಗೈ ತಡವರಿಸಿಕೊಂಡು ಬಂದು ಅದರ ಕೆಳಗೆ ಸೇರಿತು. ನಾನು ಸಕ್ಕರೆ ನೀರು ಬಿಟ್ಟೆ. ಅಮ್ಮ ಸದ್ದಾಗದಂತೆ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಳು. ಮತ್ತೆ ಕೈ ಚಾಚಿದಳು, ಮತ್ತೆ ಬಿಟ್ಟೆ. ಹಾಗೆಯೇ ಒಂದೊಂದು ಗುಟುಕಾಗಿ ಕಪ್ಪು ಖಾಲಿಯಾಯಿತು. ಕೆನ್ ಇನ್ನೊಂದು ತಂದರು. ಸುತ್ತ ನಿಂತಿದ್ದ ಆ ಕಪ್ಪು ಬಟ್ಟೆಯ ಜನಕ್ಕೆ ಏನೂ ಅರ್ಥವಾಗಿರಲಾರದು.

ಅಮ್ಮನ ಕಣ್ಣಿಗೆ ನಿಧಾನವಾಗಿ ಬೆಳಕು ಬಂತು. ಅವಳ ಕಾಲ ಬಳಿ ಒಬ್ಬ ವಯಸ್ಸಾದ ಹೆಂಗಸು ನೆಲದ ಮೇಲೇ ಕೂತು, ಕಪ್ಪು ಕೈಗವುಸು ತೆಗೆದಿಟ್ಟು, ಅಮ್ಮನ ಎರಡೂ ಪಾದಗಳನ್ನು ಮಡಿಲಲ್ಲಿ ಇ‌ಟ್ಟುಕೊಂಡು ಉಜ್ಜುತ್ತಿದ್ದರು. ಅಮ್ಮ ಅದನ್ನು ನೋಡಿದ್ದೇ, ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯಯ್ಯೋ! ದೊಡ್ಡೋರು ನೀವು, ನನ್ನ ಕಾಲು ಮುಟ್ತೀರಾ? ರತ್ನಾ, ಬೇಡ ಅನ್ನೇ ಅವ್ರಿಗೆ!"

ನನ್ನ ಅಮ್ಮ ವಾಪಸು ಬಂದಿದ್ದಳು. ನಾನು ಅಳುತ್ತಲೇ ನಕ್ಕೆ.

ಆ ಹೆಂಗಸು ಯಾರೆಂದು ಆಮೇಲೆ ತಿಳಿಯಿತು. ಪೆಟ್ಟಿಗೆಯಲ್ಲಿದ್ದವರ ಹೆಂಡತಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು, ಇಂಥ ಹೊತ್ತಿನಲ್ಲಿ ನುಗ್ಗಿಬಿಟ್ಟೆ ಎಂದು ಅವರ ಕೈ ಹಿಡಿದುಕೊಂಡೆ. ಅವರು ನನ್ನ ಕೆನ್ನೆ ತಟ್ಟಿ ಹೇಳಿದರು, "ನನ್ನ ಗಂಡ ಇದ್ದಿದ್ದರೆ ಎಲ್ಲರಿಗಿಂತ ಮೊದಲು ಅವನೇ ಎದ್ದು ಓಡುತ್ತಿದ್ದ. ಇವತ್ತು ಅವನಿಗೆ ಯಾವ ಅವಸರವೂ ಇಲ್ಲ ಮಗಳೇ. ಕಾಯುತ್ತಾನೆ."

ಆಂಬುಲೆನ್ಸ್ ಬಂತು, ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಸ್ಟೇಷನ್ನಿನಿಂದ ಮೋಹನ್ ಏದುಸಿರು ಬಿಡುತ್ತಾ ಬಂದು, ಸ್ಟ್ರೆಚರಿನ ಪಕ್ಕ ಕೂತು "ಅತ್ತೆ, ಅತ್ತೆ" ಎಂದು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟರು. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು.

ಮಾರನೆಯ ದಿನ ಸುಮತಿಯ ಮನೆಯಲ್ಲಿ ನಾನು ಅಮ್ಮನಿಗೆ ಬೈದದ್ದು ಅಷ್ಟಿಷ್ಟಲ್ಲ. ಬೀಗ ಹಾಕುವಾಗ ಯಾಕೆ ಕೂಗಲಿಲ್ಲ ಎಂದೆ. ಒಳಗಿನ ಪುಟ್ಟ ಗುಡಿಯಲ್ಲಿ, ಅಟ್ಟಣಿಗೆಯ ಹಿಂದೆ, ಕಣ್ಣು ಮುಚ್ಚಿ ಕೂತು ಜಪ ಮಾಡುತ್ತಿದ್ದಳಂತೆ, ಬೀಗ ಹಾಕಿದ್ದು ಗೊತ್ತಾಗಲಿಲ್ಲವಂತೆ. ಎದ್ದು ಬಂದು ನೋಡಿದರೆ ದಾರಿ ಮುಚ್ಚಿದೆ.

"ಆಮೇಲಾದ್ರೂ ಕೂಗ್ಬಾರ್ದಾ?"

"ಅಷ್ಟು ಹೊತ್ತಿಗೆ ಪೂಜೆ ಶುರು ಆಗಿತ್ತಲ್ಲೇ. ಜನ ಎಲ್ಲಾ ಹಾಡ್ತಾ ಇದ್ರು. ಪೂಜೆ ನಡೀವಾಗ ಕೂಗ್ತಾರಾ ಯಾರಾದ್ರೂ? ಮಂಗಳಾರತಿ ಆದ್ಮೇಲೆ ಬಾಗಿಲು ತೆಗೀತಾರೆ ಅಂತ ಕೂತೆ. ನೀನು ಕೂಗಿದ್ದು ಕೇಳ್ತು, ನಂಗೆ ದನಿ ಬರ್ಲಿಲ್ಲ."

"ಅದು ಪೂಜೆ ಅಲ್ಲಮ್ಮ, ಸಾವು. ನೀನು ಕುಡಿದದ್ದು ಸಾವಿನ ಮನೆಯೋರು ಕೊಟ್ಟ ನೀರು." ಸಿಟ್ಟಿನ ಭರದಲ್ಲಿ ಆಡಿಬಿಟ್ಟೆ. ಮಡಿ ಮೈಲಿಗೆಯ ಅಮ್ಮ ಈಗ ರಂಪ ಮಾಡುತ್ತಾಳೆ ಎಂದು ಕಾದೆ.

ಅಮ್ಮ ನನ್ನ ಕಡೆ ತಿರುಗಿ, "ಕಾಲು ಒತ್ತಿದ್ರಲ್ಲ, ಅವ್ರ ಯಜಮಾನ್ರಾ ಹೋಗಿದ್ದು?" ಎಂದು ಕೇಳಿದಳು. ಹೌದೆಂದೆ. ಎದ್ದು ಹೋಗಿ ಸ್ನಾನ ಮಾಡಿ ಬಂದಳು. ಮೈಲಿಗೆ ಕಳೆಯಲು ಎಂದುಕೊಂಡೆ. ದೀಪ ಹಚ್ಚಿ, ಕೈಮುಗಿದು, ಹೆಸರು ಗೊತ್ತಿಲ್ಲದ ಆ ಮನುಷ್ಯನಿಗೆ ಒಳ್ಳೆಯ ಗತಿ ಸಿಗಲಿ ಎಂದು ಕೇಳಿಕೊಂಡಳು. "ತೀರ್ಥ ತೀರ್ಥವೇ ಕಣೆ" ಎಂದಳು ನನಗೆ.

ಮೋಹನ್‌ಗೆ ಆ ಕೆಲಸ ಸಿಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಸಿಡ್ನಿಯಲ್ಲೇ ಬೇರೊಂದು ಸಿಕ್ಕಿತು. "ಅತ್ತೆ, ನಿಮ್ಮ ಹರಕೆ ಫಲಿಸ್ಲಿಲ್ಲವಲ್ಲ" ಎಂದು ಅವರು ರೇಗಿಸಿದರೆ ಅಮ್ಮನ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. "ಎಲ್ಲಿ ಫಲಿಸ್ಬೇಕು? ಸುತ್ತು ಅರ್ಧಕ್ಕೇ ನಿಂತಿತಲ್ಲ! ಬಾಕಿ ಅರ್ಧ ಯಾವಾಗಾದ್ರೂ ಹೋಗಿ ಮುಗಿಸ್ಬೇಕು." ಮೈಸೂರಿಗೆ ಹೋದ ಮೇಲೂ ಕಾಗದದ ಕೊನೆಯಲ್ಲಿ ಅದನ್ನೇ ಬರೆಯುತ್ತಿದ್ದಳು. ಮತ್ತೆ ಬರುವುದು ಆಗಲಿಲ್ಲ. 1997ರಲ್ಲಿ ಅಮ್ಮ ಮೈಸೂರಿನಲ್ಲೇ ತೀರಿಕೊಂಡಳು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮರುವರ್ಷ ಸುಮತಿಯ ಮನೆಗೆ ಹೋದಾಗ ಒಬ್ಬಳೇ ರೈಲು ಹತ್ತಿ ಸಿಟಿಗೆ ಬಂದೆ. ರಿಪೇರಿ ಮುಗಿದು ಗೇಟುಗಳು ತೆರೆದಿದ್ದವು. ಕೆನ್ ಇರಲಿಲ್ಲ. ಚಪ್ಪಲಿ ಬಿಚ್ಚಿ ಈ ಸಲ ಚೀಲದಲ್ಲೇ ಇಟ್ಟುಕೊಂಡೆ. ಎಡದಿಂದ ಹೋಗಿ, ಪುಟ್ಟ ಗುಡಿಗಳನ್ನು ದಾಟಿ, ಹಿಂದೆ ಸುತ್ತಿ, ಬಲಗಡೆಯ ಗೇಟಿಗೆ ಬಂದೆ. ನೆಲ ಕಾಲು ಕೊರೆಯುವಷ್ಟು ತಣ್ಣಗಿತ್ತು. ಅಮ್ಮ ಅಷ್ಟು ಹೊತ್ತು ಇದರ ಮೇಲೆ ಕೂತಿದ್ದಳಲ್ಲ ಎಂದುಕೊಂಡೆ. ಅಮ್ಮ ನಿಂತುಹೋಗಿದ್ದ ಜಾಗವನ್ನು ದಾಟಿ, ಪೀಠದ ಮುಂದಕ್ಕೆ ಬಂದು, ಅವಳ ಬಾಕಿ ಸುತ್ತು ಮುಗಿಸಿದೆ.

ಏನು ಕೇಳಿಕೊಳ್ಳಬೇಕೆಂದು ಹೊಳೆಯಲಿಲ್ಲ. ಸುತ್ತ ಯಾರೂ ಇರಲಿಲ್ಲ. ಮೆಲ್ಲಗೆ "ಅಮ್ಮಾ" ಎಂದೆ. ದನಿ ಮೇಲೆ ಹೋಗಿ ಕಮಾನುಗಳಲ್ಲಿ ಸುತ್ತಾಡಿ ಅಡಗಿತು. ಉತ್ತರ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಬಲಗಡೆಯ ಗೇಟಿನ ಕಡೆಗೆ ಕಿವಿಕೊಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.